ಗರ್ಭಕಂಠ ಕ್ಯಾನ್ಸರ್‌ಗೆ ‘ಒಳಗಿನ ಕರೆಂಟ್’: ಅಲ್ಟ್ರಾಸೌಂಡ್ ನೋಡಿಕೊಂಡು ಕೊಡುವಾಗ ಏನೇನು ನಡೆಯುತ್ತೆ, ಮನೆಯವರು ಏನು ಮಾಡಬೇಕು

ಐದು ವಾರ ದಿನಾ ಬಂದು ಕರೆಂಟ್ (ಅಂದರೆ ವಿಕಿರಣ ಚಿಕಿತ್ಸೆ) ತೆಗೆದುಕೊಂಡಾಗಿದೆ. ರಕ್ತ ಹೋಗುವುದು ನಿಂತಿದೆ, ನೋವೂ ಇಳಿದಿದೆ. ಇನ್ನೇನು ಊರಿಗೆ ಹೊರಡೋಣ ಅನ್ನುವಷ್ಟರಲ್ಲಿ ಡಾಕ್ಟರು ‘ಇನ್ನು ಒಳಗಿನಿಂದ ಕೊಡಬೇಕು’ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ತಪ್ಪಿ ಹೋಗುವುದು ಇಲ್ಲೇ. ‘ಅಮ್ಮ ಹುಷಾರಾಗಿದ್ದಾರಲ್ಲ, ಮತ್ತೆ ಯಾಕೆ ಕಷ್ಟ ಕೊಡೋದು’ ಅಂತ ಕರೆದುಕೊಂಡು ಹೋಗಿಬಿಡುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಹೊರಗಿನ ಕರೆಂಟ್ ಗಡ್ಡೆಯನ್ನು ಕುಗ್ಗಿಸಿರುತ್ತೆ, ಅಷ್ಟೇ. ಗರ್ಭಕಂಠದಲ್ಲಿ ಉಳಿದ ಕಾಯಿಲೆಯನ್ನು ಮುಗಿಸೋಕೆ ಇನ್ನೂ ಜಾಸ್ತಿ ವಿಕಿರಣ ಬೇಕು. ಅಷ್ಟನ್ನೂ ಹೊರಗಿನಿಂದಲೇ ಕೊಟ್ಟರೆ ಮುಂದಿರುವ ಮೂತ್ರಕೋಶ, ಹಿಂದಿರುವ ಗುದನಾಳ, ಸುತ್ತಲಿನ ಕರುಳು ತಡೆಯುವುದಿಲ್ಲ. ಅದಕ್ಕೇ ವಿಕಿರಣದ ಮೂಲವನ್ನೇ ಗಡ್ಡೆಯ ಮಧ್ಯಕ್ಕೆ ಕಳಿಸುತ್ತಾರೆ. ಮೂಲದಿಂದ ದೂರ ಎರಡರಷ್ಟಾದರೆ ವಿಕಿರಣ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತೆ. ಗಡ್ಡೆಗೆ ಪೂರ್ತಿ ಪೆಟ್ಟು, ಪಕ್ಕದ ಅಂಗಕ್ಕೆ ಕಡಿಮೆ. ಆಸ್ಪತ್ರೆಯವರು ಇದನ್ನು ಬ್ರ್ಯಾಕಿಥೆರಪಿ ಅನ್ನುತ್ತಾರೆ.

ಈ ಲೆಕ್ಕದಲ್ಲಿ ಒಂದು ತೊಡಕೂ ಇದೆ. ಮೂಲ ಇರಬೇಕಾದ ಜಾಗದಿಂದ ಒಂದು ಸೆಂಟಿಮೀಟರ್ ಆಚೀಚೆ ಆದರೂ ಗಡ್ಡೆಗೆ ಕಡಿಮೆ ಬಿದ್ದು, ಮೂತ್ರಕೋಶಕ್ಕೋ ಗುದನಾಳಕ್ಕೋ ಜಾಸ್ತಿ ಬೀಳುತ್ತೆ. ಕಂಪ್ಯೂಟರ್ ಎಷ್ಟೇ ಚೆನ್ನಾಗಿ ಲೆಕ್ಕ ಹಾಕಲಿ, ಮೂಲವನ್ನು ಒಳಕ್ಕೆ ಒಯ್ಯುವ ಕೊಳವೆ ಕೂತ ಜಾಗವೇ ತಪ್ಪಿದ್ದರೆ ಏನೂ ಮಾಡೋಕಾಗಲ್ಲ. ಅಲ್ಟ್ರಾಸೌಂಡ್ ಬೇಕಾಗುವುದು ಅಲ್ಲಿ.

ಮೊದಲು: ದಿನಾಂಕ, ದುಡ್ಡು, ಒಂದೆರಡು ಪ್ರಶ್ನೆ

ಹೊರಗಿನ ಕರೆಂಟ್ ಶುರುವಾದ ದಿನದಿಂದ ಒಳಗಿನದು ಮುಗಿಯುವವರೆಗೆ ಎಲ್ಲಾ ಸೇರಿ 8 ವಾರದೊಳಗೆ, ಅಂದರೆ 56 ದಿನದೊಳಗೆ ಆಗಬೇಕು. ಹಾಗಾಗಿ ಹೊರಗಿನದು ನಾಲ್ಕನೇ ವಾರಕ್ಕೆ ಬಂದಾಗಲೇ ಬ್ರ್ಯಾಕಿಥೆರಪಿಗೆ ದಿನ ಗೊತ್ತು ಮಾಡಿಸಿಕೊಳ್ಳಿ. ಮೆಷಿನ್ ಕಡಿಮೆ, ಸರದಿ ಉದ್ದ. ಹಬ್ಬ, ಮದುವೆ, ಕೊಯ್ಲು ಅಂತ ಈ ಹೊತ್ತಿನಲ್ಲಿ ಮುಂದೂಡಬೇಡಿ.

ಎಷ್ಟು ಸಲ ಕೊಡುತ್ತಾರೆ ಅನ್ನುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಒಂದು ಸಲಕ್ಕೆ 9 ಗ್ರೇಯಂತೆ (ಗ್ರೇ ಅಂದರೆ ವಿಕಿರಣದ ಅಳತೆ) 2 ಸಲ, 7 ಗ್ರೇಯಂತೆ 3 ಅಥವಾ 4 ಸಲ, ಹೀಗೆ ಹಲವು ಪದ್ಧತಿ ಇವೆ. ಬೇರೆಯವರಿಗೆ ನಾಲ್ಕು ಸಲ ಆಯ್ತು, ನಮಗೆ ಎರಡೇ ಅಂತ ಗಾಬರಿ ಬೇಡ. ಒಂದು ಸಲಕ್ಕೆ ಕೊಡುವ ಪ್ರಮಾಣ ಹೆಚ್ಚಿದ್ದರೆ ಸಲಗಳು ಕಡಿಮೆ.

ಬಿಪಿಎಲ್ ಕಾರ್ಡ್ ಇದ್ದರೆ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಹೊರಗಿನ ಕರೆಂಟ್‌ಗೆ ಮಂಜೂರಾಗಿದೆ ಅಂದಮಾತ್ರಕ್ಕೆ ಒಳಗಿನದೂ ಅದರಲ್ಲೇ ಸೇರಿದೆ ಅಂದುಕೊಳ್ಳಬೇಡಿ. ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರ್‌ನಲ್ಲಿ ಮೊದಲೇ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ರೈಲಿನಲ್ಲಿ ಬರುವವರಿಗೆ ಟಿಕೆಟ್ ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೂ ಇದೆ. ಅದರ ಫಾರಂಗೆ ಡಾಕ್ಟರ ಸಹಿ ಬೇಕು.

ಆಮೇಲೆ ಡಾಕ್ಟರನ್ನು ಕೇಳಬೇಕಾದ್ದು. ಸಂಕೋಚ ಬೇಡ. ‘ಡಾಕ್ಟ್ರೇ, ಕೊಳವೆ ಹಾಕುವಾಗ ಸ್ಕ್ಯಾನ್ ನೋಡ್ಕೊಂಡೇ ಹಾಕ್ತೀರಾ?’ ಅಂತ ನೇರವಾಗಿ ಕೇಳಿ. ‘ಯಾವಾಗಲೂ ಸ್ಕ್ಯಾನ್ ಮಾಡ್ತೀವಿ’ ಅಂದರೆ ಒಳ್ಳೆಯದು. ‘ಕಷ್ಟ ಆದರೆ ಮಾತ್ರ’ ಅಂದರೆ, ‘ಅಮ್ಮನಿಗೆ ವಯಸ್ಸಾಗಿದೆ, ಮೊದಲ ಸಲಕ್ಕಾದರೂ ಮಾಡಿ’ ಅಂತ ಕೇಳಿಕೊಳ್ಳಬಹುದು. ಇಂಥ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಯಂತ್ರ ಸಾಮಾನ್ಯವಾಗಿ ಇದ್ದೇ ಇರುತ್ತೆ. ಆದರೆ ಅದು ರೇಡಿಯಾಲಜಿಯಲ್ಲೋ ಹೆರಿಗೆ ವಿಭಾಗದಲ್ಲೋ ಇರುತ್ತೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಪ್ರತಿ ಯಂತ್ರಕ್ಕೂ ನೋಂದಣಿ ಬೇಕು. ಸುಮ್ನೆ ತಳ್ಳಿಕೊಂಡು ಇನ್ನೊಂದು ಕಡೆಗೆ ತರೋಕೆ ಬರುವುದಿಲ್ಲ. ಕಾನೂನಿನ ಉದ್ದೇಶ ಒಳ್ಳೆಯದೇ. ಆದರೂ ಈ ಕಾಗದಪತ್ರದ ಕಾರಣಕ್ಕೆ ಯಂತ್ರ ತರಿಸುವ ಗೋಜಿಗೇ ಹೋಗದಿರುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಿಂದಿನ ದಿನ

ರಕ್ತಪರೀಕ್ಷೆ ಆಗಿರಬೇಕು: ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್, ಕ್ರಿಯಾಟಿನಿನ್. ಹಿಮೋಗ್ಲೋಬಿನ್ ತುಂಬಾ ಕಡಿಮೆ ಇದ್ದರೆ ಮೊದಲು ರಕ್ತ ಕೊಡುತ್ತಾರೆ. ರಕ್ತ ಕೊಡುವವರನ್ನು ಹುಡುಕುವ ಕೆಲಸ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್, ಬಿಪಿ ಮಾತ್ರೆ ಏನೇ ತೆಗೆದುಕೊಳ್ಳುತ್ತಿದ್ದರೂ ಚೀಟಿಯ ಸಮೇತ ತೋರಿಸಿ. ಯಾವುದನ್ನು ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ.

ರಾತ್ರಿ ಊಟ ಹಗುರವಾಗಿರಲಿ. ಗಂಜಿಯೋ ಮೊಸರನ್ನವೋ ಸಾಕು. ಸೊಪ್ಪು, ಕಾಳು, ಹಸಿ ತರಕಾರಿ ಬೇಡ. ಕರುಳು ಖಾಲಿ ಇರಲಿ ಅಂತ ಎನಿಮಾ ಕೊಡುತ್ತಾರೆ. ಗುದನಾಳದಲ್ಲಿ ಮಲ, ಗಾಳಿ ತುಂಬಿದ್ದರೆ ಅದು ಉಬ್ಬಿ ವಿಕಿರಣದ ಹತ್ತಿರಕ್ಕೆ ಬರುತ್ತೆ, ಸ್ಕ್ಯಾನ್ ಚಿತ್ರವೂ ಕೆಡುತ್ತೆ. ಅರಿವಳಿಕೆಗೆ ಮುಂಚೆ 6 ಗಂಟೆ ಗಟ್ಟಿ ಆಹಾರ ಇಲ್ಲ. ನೀರು ಎಷ್ಟೊತ್ತಿನವರೆಗೆ ಕುಡಿಯಬಹುದು ಅಂತ ಅರಿವಳಿಕೆ ಡಾಕ್ಟರನ್ನೇ ಕೇಳಿ. ‘ಒಂದು ಗುಟುಕು ಕಾಫಿ ತಾನೇ’ ಅಂತ ಪ್ರೀತಿಯಿಂದ ಕುಡಿಸಿ, ಕೇಸೇ ಮರುದಿನಕ್ಕೆ ಹೋದದ್ದುಂಟು.

ಓಟಿ ಒಳಗೆ

ಮನೆಯವರು ಹೊರಗೆ ಕೂತಿರುತ್ತೀರಿ. ಒಳಗೆ ಏನಾಗುತ್ತೆ ಅಂತ ಗೊತ್ತಿದ್ದರೆ ಕಾಯುವುದು ಸ್ವಲ್ಪ ಸುಲಭ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ, ಇಲ್ಲವೇ ಸ್ವಲ್ಪ ಹೊತ್ತು ನಿದ್ದೆ ಬರಿಸುತ್ತಾರೆ. ಹೆರಿಗೆಗೆ ಮಲಗಿಸುವ ಹಾಗೆ ಕಾಲು ಎತ್ತಿ ಮಲಗಿಸಿ, ಜಾಗ ಶುಚಿ ಮಾಡಿ, ಮೂತ್ರಕ್ಕೆ ಕ್ಯಾಥೆಟರ್ ಹಾಕುತ್ತಾರೆ. ಆಮೇಲೆ ಅದೇ ಕ್ಯಾಥೆಟರ್ ಮೂಲಕ ಮೂತ್ರಕೋಶಕ್ಕೆ 200ರಿಂದ 300 ಮಿಲಿಲೀಟರ್‌ನಷ್ಟು ಸಲೈನ್ ತುಂಬುತ್ತಾರೆ. ಹೊಟ್ಟೆಯ ಮೇಲಿನ ಸ್ಕ್ಯಾನ್‌ಗೆ ಇದು ಬೇಕೇ ಬೇಕು. ಶಬ್ದದ ಅಲೆ ನೀರಿನಲ್ಲಿ ಸಲೀಸಾಗಿ ದಾಟುತ್ತೆ, ಗಾಳಿ ತುಂಬಿದ ಕರುಳಿನಲ್ಲಿ ದಾಟುವುದಿಲ್ಲ. ತುಂಬಿದ ಮೂತ್ರಕೋಶ ಕರುಳನ್ನು ಮೇಲಕ್ಕೆ ತಳ್ಳುತ್ತೆ, ಮುಂದಕ್ಕೆ ಬಾಗಿದ ಗರ್ಭಕೋಶವನ್ನು ಸ್ವಲ್ಪ ನೇರ ಮಾಡುತ್ತೆ.

ಈಗ ಇಬ್ಬರು ಕೆಲಸ ಮಾಡುತ್ತಾರೆ. ಒಬ್ಬರು ಕಿಬ್ಬೊಟ್ಟೆಯ ಮೇಲೆ ಜೆಲ್ ಹಚ್ಚಿ ಪ್ರೋಬ್ (ಸ್ಕ್ಯಾನ್ ಯಂತ್ರದ ಕೈಯಲ್ಲಿ ಹಿಡಿಯುವ ಭಾಗ) ಹಿಡಿದಿರುತ್ತಾರೆ. ಇನ್ನೊಬ್ಬರು ಕೆಳಗಿನಿಂದ ಕೊಳವೆ ಹಾಕುತ್ತಾರೆ. ಪರದೆಯಲ್ಲಿ ಮೊದಲು ಉದ್ದುದ್ದಕ್ಕೆ ನೋಡುತ್ತಾರೆ: ಕಪ್ಪಗೆ ಮೂತ್ರಕೋಶ, ಅದರ ಹಿಂದೆ ಬೂದು ಬಣ್ಣದ ಗರ್ಭಕೋಶ, ನಡುವೆ ಬಿಳಿ ಗೆರೆಯ ಹಾಗೆ ಅದರ ಒಳಪೊರೆ. ಗರ್ಭಕೋಶ ಮುಂದಕ್ಕೆ ಬಾಗಿದೆಯೋ ಹಿಂದಕ್ಕೆ ಬಾಗಿದೆಯೋ ಅನ್ನುವುದು ಇಲ್ಲೇ ಗೊತ್ತಾಗುತ್ತೆ. ಹಿಂದಕ್ಕೆ ಬಾಗಿರುವವರೂ ಸಾಕಷ್ಟು ಜನ ಇರುತ್ತಾರೆ. ಮುಂದಕ್ಕಿದೆ ಅಂದುಕೊಂಡು ಕೊಳವೆ ತಳ್ಳಿದರೆ ಅದು ಗೋಡೆಗೆ ಹೋಗಿ ಗುದ್ದುತ್ತೆ.

ಗುದ್ದಿದರೆ ಏನಾಗುತ್ತೆ? ಹೊರಗಿನ ಕರೆಂಟ್ ಆದಮೇಲೆ, ಅದರಲ್ಲೂ ಮುಟ್ಟು ನಿಂತು ವರ್ಷಗಳಾದವರಲ್ಲಿ, ಗರ್ಭಕೋಶ ಚಿಕ್ಕದಾಗಿ ಗೋಡೆ ತೆಳುವಾಗಿರುತ್ತೆ. ಕಳಿತ ಸೀಬೆಹಣ್ಣಿಗೆ ಕಡ್ಡಿ ಹೋದಷ್ಟೇ ಸುಲಭವಾಗಿ ಕೊಳವೆ ಆಚೆ ದಾಟಬಹುದು, ಕೈಗೆ ಅದು ಗೊತ್ತೇ ಆಗದಿರಬಹುದು. ತುತ್ತತುದಿಯಲ್ಲಿ ಅಥವಾ ಹಿಂಭಾಗದಲ್ಲಿ ಇದು ಆಗುವುದು ಜಾಸ್ತಿ. ಇನ್ನೊಂದು ಕಷ್ಟ ಏನಂದರೆ, ಗಡ್ಡೆ ಕರಗುವಾಗ ಗರ್ಭಕಂಠದ ಬಾಯಿಯೇ ಕೂಡಿಕೊಂಡು ಎಲ್ಲಿದೆ ಅಂತ ಸಿಗುವುದಿಲ್ಲ. ಹಿಂದೆ ಇದನ್ನೆಲ್ಲ ಬೆರಳಿನ ಅಂದಾಜಿನಲ್ಲೇ ಮಾಡುತ್ತಿದ್ದರು. ನ್ಯೂಯಾರ್ಕಿನ ಮಾರ್ಗರೆಟ್ ಕ್ಲೀವ್ಸ್ ಎಂಬ ವೈದ್ಯೆ ಗರ್ಭಕಂಠ ಕ್ಯಾನ್ಸರ್‌ಗೆ ರೇಡಿಯಂ ಇಟ್ಟದ್ದು 1903ರಲ್ಲಿ. ಅಲ್ಲಿಂದ ಎಷ್ಟೋ ದಶಕ ಅನುಭವಿ ಕೈಯೊಂದೇ ದಾರಿ. ಆ ಕೈಗಳು ಲಕ್ಷಾಂತರ ಹೆಂಗಸರನ್ನು ಉಳಿಸಿವೆ, ಅದನ್ನು ಮರೆಯಬಾರದು. ಆದರೆ ಕಣ್ಣಿಗೆ ಕಾಣಿಸಿಕೊಳ್ಳುವ ಉಪಾಯ ಪಕ್ಕದ ಕೋಣೆಯಲ್ಲೇ ಇರುವಾಗ ಅಂದಾಜು ಯಾಕೆ, ಅಲ್ವಾ?

ಪರದೆ ನೋಡುತ್ತಲೇ ಮೊದಲು ತೆಳುವಾದ ಅಳತೆ ಕಡ್ಡಿಯನ್ನು ಗರ್ಭಕೋಶದೊಳಕ್ಕೆ ಬಿಡುತ್ತಾರೆ. ಅದು ಬಿಳಿ ಗೆರೆಯಾಗಿ ಮುಂದೆ ಸರಿಯುವುದು ಕಾಣುತ್ತೆ. ಬಾಯಿಯಿಂದ ತುದಿಯವರೆಗೆ ಎಷ್ಟು ಉದ್ದ ಅಂತ ಅಳೆಯುತ್ತಾರೆ. ದಾರಿ ಕಿರಿದಾಗಿದ್ದರೆ ಸಣ್ಣದರಿಂದ ದಪ್ಪಕ್ಕೆ ಒಂದೊಂದೇ ಡೈಲೇಟರ್ ಹಾಕಿ ಹಿಗ್ಗಿಸುತ್ತಾರೆ. ಆಮೇಲೆ ಅಳತೆಗೆ ತಕ್ಕ ಉದ್ದದ, ಬಾಗಿಗೆ ತಕ್ಕ ಕೋನದ ಕೊಳವೆ ಆರಿಸುತ್ತಾರೆ. ಎಲ್ಲರಿಗೂ ಒಂದೇ ಕೊಳವೆ ಹಾಕುವ ಅಭ್ಯಾಸ ತಪ್ಪುವುದು ಈ ಹೆಜ್ಜೆಯಿಂದಲೇ. ತುದಿ ಗರ್ಭಕೋಶದ ಮೇಲ್ಗೋಡೆಗೆ ಹತ್ತಿರ ಬಂದು ನಿಂತಿತೋ, ಆಚೆ ಹೋಗಿಲ್ಲವೋ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಪ್ರೋಬನ್ನು ಅಡ್ಡ ತಿರುಗಿಸಿ, ಕೊಳವೆ ನಟ್ಟನಡುವೆ ಇದೆಯೋ ಒಂದು ಬದಿಗೆ ಒತ್ತಿದೆಯೋ ಅಂತಲೂ ನೋಡುತ್ತಾರೆ. ಒಂದೇ ದಿಕ್ಕಿನಲ್ಲಿ ನೋಡಿ ‘ಸರಿ ಇದೆ’ ಅನ್ನುವುದು ಸಾಲದು. ಎರಡೂ ಕಡೆ ನೋಡಿದರೆ ಮಾತ್ರ ನಂಬಬಹುದು.

ತೂತಾಗಿರುವುದು ಕಂಡರೆ? ಕೊಳವೆಯನ್ನು ಹಿಂದಕ್ಕೆ ಎಳೆದು, ಸ್ಕ್ಯಾನ್ ನೋಡುತ್ತಾ ಸರಿಯಾದ ದಾರಿಯಲ್ಲಿ ಮತ್ತೆ ಹಾಕಬಹುದು. ಇಲ್ಲವೇ ಅವತ್ತಿಗೆ ನಿಲ್ಲಿಸಿ, ಆಂಟಿಬಯಾಟಿಕ್ ಕೊಟ್ಟು, ಕೆಲವು ದಿನ ಬಿಟ್ಟು ಮಾಡಬಹುದು. ಡಾಕ್ಟರು ಹೊರಗೆ ಬಂದು ‘ಇವತ್ತು ಆಗಲಿಲ್ಲ’ ಅಂದರೆ ಸಿಟ್ಟು ಮಾಡಿಕೊಳ್ಳಬೇಡಿ. ತೂತಾದದ್ದು ಗೊತ್ತಾಗದೆ ವಿಕಿರಣ ಕೊಟ್ಟಿದ್ದರೆ ಕರುಳಿಗೆ ಪೆಟ್ಟಾಗುತ್ತಿತ್ತು.

ಕೊಳವೆ ಕೂತ ಮೇಲೆ ಅದರ ಎರಡು ಬದಿಗೆ ಅಂಡಾಕಾರದ ತುಂಡುಗಳನ್ನೋ ಒಂದು ಉಂಗುರವನ್ನೋ ಗರ್ಭಕಂಠಕ್ಕೆ ಒತ್ತಿ ಕೂರಿಸುತ್ತಾರೆ. ಯೋನಿಯೊಳಗೆ ಒದ್ದೆ ಗಾಜ್ ಬಟ್ಟೆ ತುರುಕುತ್ತಾರೆ. ಇದು ಮೂತ್ರಕೋಶವನ್ನೂ ಗುದನಾಳವನ್ನೂ ದೂರ ತಳ್ಳುತ್ತೆ, ಕೊಳವೆ ಅಲುಗಾಡದ ಹಾಗೆಯೂ ಹಿಡಿಯುತ್ತೆ. ತುರುಕುವಾಗ ಕೊಳವೆ ಕೆಳಕ್ಕೆ ಜಾರಬಹುದು. ಅದಕ್ಕೆ ಜೋಪಾನ ಇರುವವರು ಕೊನೆಗೆ ಇನ್ನೊಂದು ಸಲ ಸ್ಕ್ಯಾನ್ ಮಾಡಿಯೇ ಕೈ ತೊಳೆಯುತ್ತಾರೆ.

ಸ್ಕ್ಯಾನ್ ಎಲ್ಲಿ ಸೋಲುತ್ತೆ

ಲೋಹದ ಕೊಳವೆಯ ಹಿಂದೆ ನೆರಳು ಬೀಳುತ್ತೆ, ಅಲ್ಲಿ ಏನಿದೆ ಅಂತ ಕಾಣುವುದಿಲ್ಲ. ಗುದನಾಳ, ಕರುಳು ಹೊಟ್ಟೆಯ ಮೇಲಿನಿಂದ ಸರಿಯಾಗಿ ಸಿಗುವುದಿಲ್ಲ. ಹೊಟ್ಟೆಯಲ್ಲಿ ಬೊಜ್ಜು ಜಾಸ್ತಿ ಇದ್ದರೆ ಚಿತ್ರ ಮಸುಕು. ಪ್ರೋಬ್ ಹಿಡಿದವರ ಅನುಭವದ ಮೇಲೂ ತುಂಬಾ ನಿಂತಿದೆ. ಹಾಗಾಗಿ ಕೊಳವೆ ಹಾಕಿದ ಮೇಲೆ ಸಿಟಿ ಅಥವಾ ಎಂಆರ್‌ಐ ಮಾಡಿ ವಿಕಿರಣದ ಲೆಕ್ಕ ಹಾಕುವುದೇ ಹೆಚ್ಚು. ಉಳಿದ ಗಡ್ಡೆಯನ್ನು ತೋರಿಸುವುದರಲ್ಲಿ ಎಂಆರ್‌ಐ ಮೇಲು. ಆದರೆ ಪ್ರತಿ ಸಲವೂ ಎಂಆರ್‌ಐ ಮಾಡುವ ಸೌಲಭ್ಯ ಎಲ್ಲಾ ಊರಿನಲ್ಲಿ ಇಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಪೀಟರ್ ಮ್ಯಾಕಲಮ್ ಕ್ಯಾನ್ಸರ್ ಕೇಂದ್ರದವರು ಅಲ್ಟ್ರಾಸೌಂಡ್ ಅಳತೆಗಳಿಂದಲೇ ಲೆಕ್ಕ ಹಾಕುವ ಪದ್ಧತಿ ಬೆಳೆಸಿದರು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಅಲ್ಟ್ರಾಸೌಂಡ್ ಅಳತೆಯನ್ನು ಎಂಆರ್‌ಐ ಅಳತೆಯ ಜೊತೆ ಹೋಲಿಸಿ, ಎರಡೂ ಚೆನ್ನಾಗಿಯೇ ಹೊಂದುತ್ತವೆ ಅಂತ 2012ರಲ್ಲಿ ಪ್ರಕಟಿಸಿದರು. ನಮ್ಮಂಥ ದೇಶಕ್ಕೆ ಇದು ಸಣ್ಣ ವಿಷಯ ಅಲ್ಲ.

ಗಡ್ಡೆ ಪಕ್ಕಕ್ಕೆ ಹರಡಿದ್ದರೆ ಕೊಳವೆಯ ಜೊತೆಗೆ ಸೂಜಿಗಳನ್ನೂ ಚುಚ್ಚಬೇಕಾಗುತ್ತೆ. ಆಗ ಗುದದ್ವಾರದೊಳಗೆ ಬೆರಳು ಗಾತ್ರದ ಪ್ರೋಬ್ ಇಟ್ಟು ನೋಡುವ ಸ್ಕ್ಯಾನ್ ಹೆಚ್ಚು ಉಪಯೋಗ. ಗಂಡಸರ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಒಳಗಿನ ವಿಕಿರಣ ಕೊಡುವುದು ನಿಂತಿರುವುದೇ ಈ ಪ್ರೋಬ್ ಮೇಲೆ. ಡೆನ್ಮಾರ್ಕಿನ ಹೋಮ್ ಎಂಬ ವೈದ್ಯರ ತಂಡ 1983ರಲ್ಲಿ ಈ ವಿಧಾನವನ್ನು ಪ್ರಕಟಿಸಿತು. ಅಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಪ್ರಾಸ್ಟೇಟ್‌ಗೆ ಅಯೋಡಿನ್-125 ಎಂಬ ವಿಕಿರಣ ಬೀರುವ ಸಣ್ಣ ‘ಬೀಜ’ಗಳನ್ನು ಇಟ್ಟರೆ ಅವು ಒಳಗೇ ಉಳಿಯುತ್ತವೆ. ಅವುಗಳ ಶಕ್ತಿ ಅರ್ಧಕ್ಕೆ ಇಳಿಯೋಕೆ ಸುಮಾರು 60 ದಿನ ಬೇಕು. ಅಂಥವರು ಸ್ವಲ್ಪ ಕಾಲ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು, ಗರ್ಭಿಣಿಯರ ಪಕ್ಕ ತುಂಬಾ ಹೊತ್ತು ಕೂರಬಾರದು. ಎಷ್ಟು ದಿನ ಅಂತ ಆಸ್ಪತ್ರೆಯವರೇ ಬರೆದು ಕೊಡುತ್ತಾರೆ. ಗರ್ಭಕಂಠದ ಚಿಕಿತ್ಸೆಗೆ ಈ ನಿಯಮ ಅನ್ವಯಿಸುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕಾಯುವ ಹೊತ್ತು

ನಿಜವಾಗಿ ಬೇಜಾರಾಗುವುದು ಈ ಹೊತ್ತಿನಲ್ಲಿ. ಕೊಳವೆ ಒಳಗಿದೆ, ಸಿಟಿ ಆಗಿದೆ, ಆದರೆ ಚಿಕಿತ್ಸೆ ಶುರುವಾಗಿಲ್ಲ. ಡಾಕ್ಟರು ಮತ್ತು ಮೆಡಿಕಲ್ ಫಿಸಿಸಿಸ್ಟ್ ಚಿತ್ರದ ಮೇಲೆ ಗಡ್ಡೆ, ಮೂತ್ರಕೋಶ, ಗುದನಾಳ ಗುರುತಿಸಿ, ಮೂಲ ಎಲ್ಲಿ ಎಷ್ಟು ಸೆಕೆಂಡ್ ನಿಲ್ಲಬೇಕು ಅಂತ ಲೆಕ್ಕ ಹಾಕುತ್ತಿರುತ್ತಾರೆ. ಇದಕ್ಕೆ ಒಂದೆರಡು ಗಂಟೆ ಬೇಕಾಗಬಹುದು. ಅಷ್ಟು ಹೊತ್ತು ಅಮ್ಮ ಅಂಗಾತ ಮಲಗಿರಬೇಕು. ಎದ್ದು ಕೂರುವಂತಿಲ್ಲ, ಕಾಲು ಮಡಚುವಂತಿಲ್ಲ, ಪಕ್ಕಕ್ಕೆ ಹೊರಳುವಂತಿಲ್ಲ. ಅವರನ್ನು ಮಂಚದಿಂದ ಮಂಚಕ್ಕೆ ಎತ್ತುವಾಗ ನೀವು ಕೈ ಹಾಕಬೇಡಿ, ಸಿಬ್ಬಂದಿಯೇ ಮಾಡಲಿ. ನೋವು ತಡೆಯೋಕಾಗದಿದ್ದರೆ ಸಹಿಸಿಕೊಂಡು ಸುಮ್ಮನಿರಬಾರದು. ನರ್ಸ್‌ಗೆ ಹೇಳಿದರೆ ಇಂಜೆಕ್ಷನ್ ಕೊಡುತ್ತಾರೆ. ನಮ್ಮ ಹೆಂಗಸರು ನೋವು ಹೇಳಿಕೊಳ್ಳುವುದು ಕಡಿಮೆ, ಅದಕ್ಕೇ ನೀವೇ ಆಗಾಗ ‘ಅಮ್ಮಾ, ನೋವಿದೆಯಾ?’ ಅಂತ ಕೇಳುತ್ತಿರಿ.

ಕ್ಯಾಥೆಟರ್‌ನ ಚೀಲ ಮಂಚಕ್ಕಿಂತ ಕೆಳಗೇ ತೂಗಿರಲಿ. ಅದನ್ನು ಮುಚ್ಚಿ ತೆರೆಯುವ ಕೆಲಸ ಅವರದು. ಸಿಟಿ ಮಾಡುವಾಗ ಮೂತ್ರಕೋಶದಲ್ಲಿ ಎಷ್ಟಿತ್ತೋ ಚಿಕಿತ್ಸೆಯ ಹೊತ್ತಿಗೂ ಅಷ್ಟೇ ಇರಬೇಕು ಅಂತ ಲೆಕ್ಕ ಇಟ್ಟಿರುತ್ತಾರೆ.

ಮೆಷಿನ್ ಕೋಣೆ

ಅಮ್ಮನ ಕೊಳವೆಗಳಿಗೆ ಯಂತ್ರದ ಪೈಪುಗಳನ್ನು ಜೋಡಿಸಿ ಎಲ್ಲರೂ ಹೊರಗೆ ಬರುತ್ತಾರೆ. ಸುಮಾರು 5 ಮಿಲಿಮೀಟರ್ ಉದ್ದದ, 1 ಮಿಲಿಮೀಟರ್‌ಗಿಂತ ತೆಳುವಾದ ಇರಿಡಿಯಂ-192 ತುಣುಕು (ವಿಕಿರಣದ ಮೂಲ ಇದೇ) ಕೇಬಲ್‌ನ ತುದಿಯಲ್ಲಿ ಕೊಳವೆಯೊಳಗೆ ಹೋಗಿ, ಲೆಕ್ಕದ ಪ್ರಕಾರ ಅಲ್ಲಲ್ಲಿ ನಿಂತು, ಯಂತ್ರಕ್ಕೆ ವಾಪಸ್ಸು ಬರುತ್ತೆ. ಕೆಲವು ಕಡೆ ಕೋಬಾಲ್ಟ್-60 ಬಳಸುತ್ತಾರೆ. ಆ ಹೊತ್ತಿನಲ್ಲಿ ನೋವು, ಉರಿ, ಶಾಕ್ ಯಾವುದೂ ಇರುವುದಿಲ್ಲ. ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಮೈಕಿನಲ್ಲಿ ಮಾತಾಡಬಹುದು, ಬೇಕಾದರೆ ತಕ್ಷಣ ನಿಲ್ಲಿಸಬಹುದು. ಇದನ್ನು ಅಮ್ಮನಿಗೆ ಮೊದಲೇ ಹೇಳಿಡಿ. ಕೋಣೆಯಲ್ಲಿ ಒಬ್ಬಳನ್ನೇ ಬಿಟ್ಟು ಹೋದರು ಅನ್ನುವ ಭಯವೇ ದೊಡ್ಡದು.

ಪಕ್ಕದ ಬೆಡ್‌ನವರಿಗೆ ಬೇಗ ಮುಗಿದು ನಿಮಗೆ ತಡವಾದರೆ, ಅಥವಾ ಎರಡನೇ ಸಲಕ್ಕೆ ಹೆಚ್ಚು ನಿಮಿಷ ಹಿಡಿದರೆ, ಅದರಲ್ಲಿ ಹೆಚ್ಚು ಕಾಯಿಲೆ ಅನ್ನುವ ಅರ್ಥ ಇಲ್ಲ. ಇರಿಡಿಯಂ ಸುಮಾರು 74 ದಿನಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುತ್ತೆ. ಹೊಸ ಮೂಲಕ್ಕೆ ಬೇಕಾದ ಸಮಯದ ಎರಡರಷ್ಟು ಆಗ ಬೇಕಾಗುತ್ತೆ.

ತುಣುಕು ಯಂತ್ರಕ್ಕೆ ವಾಪಸ್ಸಾದ ಮೇಲೆ ಮೈಯಲ್ಲಿ ವಿಕಿರಣ ಉಳಿದಿರುವುದಿಲ್ಲ. ಬೀಜ ಒಳಗೇ ಬಿಡುವ ಪ್ರಾಸ್ಟೇಟ್ ಚಿಕಿತ್ಸೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಬಟ್ಟೆ, ತಟ್ಟೆ, ಮೂತ್ರ, ಬೆವರು ಯಾವುದರಿಂದಲೂ ಯಾರಿಗೂ ತೊಂದರೆ ಇಲ್ಲ. ಮಗುವನ್ನು ಎತ್ತಿಕೊಳ್ಳಬಹುದು, ಜೊತೆಗೆ ಉಣ್ಣಬಹುದು. ಬೇರೆ ತಟ್ಟೆ, ಬೇರೆ ಕೋಣೆ ಅಂತ ಮಾಡುವ ಮನೆಗಳಿಗೆ ಇದನ್ನು ಗಟ್ಟಿಯಾಗಿ ಹೇಳಬೇಕು.

ಮನೆಗೆ ಬಂದಮೇಲೆ

ಗಾಜ್ ಮತ್ತು ಕೊಳವೆ ತೆಗೆದಾಗ ಸ್ವಲ್ಪ ರಕ್ತ ಬರುತ್ತೆ. ಎರಡು ಮೂರು ದಿನ ಕಲೆಯಾಗುವಷ್ಟು ಹೋಗಬಹುದು, ಮೂತ್ರ ಉರಿಯಬಹುದು. ಕಿಡ್ನಿ ಅಥವಾ ಹೃದಯದ ತೊಂದರೆಗೆ ನೀರು ಕಡಿಮೆ ಕುಡಿಯಿರಿ ಅಂತ ಹೇಳಿಲ್ಲದಿದ್ದರೆ ಚೆನ್ನಾಗಿ ನೀರು ಕುಡಿಯಲಿ. ಜ್ವರ 100.4 ಡಿಗ್ರಿ ದಾಟಿದರೆ, ಹೊಟ್ಟೆ ನೋವು ಏರುತ್ತಾ ಹೋದರೆ, ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ, ಮೂತ್ರ ಕಟ್ಟಿಕೊಂಡರೆ ಮುಂದಿನ ಸಲದವರೆಗೆ ಕಾಯಬೇಡಿ. ಅವತ್ತೇ ಹೋಗಿ.

ಆಸ್ಪತ್ರೆಯಲ್ಲಿ ಅವಸರದಲ್ಲಿ ಬಿಟ್ಟುಹೋಗುವ, ಮನೆಯಲ್ಲಿ ಯಾರೂ ಬಾಯಿ ಬಿಡದ ಒಂದು ವಿಷಯ ಇದೆ. ವಿಕಿರಣದ ಮೇಲೆ ಯೋನಿ ಒಣಗಿ, ಕಿರಿದಾಗಿ, ಗೋಡೆಗಳು ಅಂಟಿಕೊಳ್ಳಬಹುದು. ಆಗ ಮುಂದೆ ಪರೀಕ್ಷೆ ಮಾಡೋಕೂ ಕಷ್ಟ, ದಾಂಪತ್ಯಕ್ಕೂ ಕಷ್ಟ. ಒಳಗಿನ ಗಾಯ ಮಾಗಿದ ಮೇಲೆ, ಅಂದರೆ ಸಾಮಾನ್ಯವಾಗಿ ಕೆಲವು ವಾರಗಳ ನಂತರ, ಯೋನಿಯನ್ನು ಹಿಗ್ಗಿಸಿಡುವ ಡೈಲೇಟರ್‌ಗೆ ಜೆಲ್ ಹಚ್ಚಿ ವಾರಕ್ಕೆ ಎರಡು ಮೂರು ಸಲ ಬಳಸುವುದನ್ನು ಕಲಿಸುತ್ತಾರೆ. ಡಾಕ್ಟರು ಹೇಳದಿದ್ದರೆ ನೀವೇ ಕೇಳಿ. ಗಂಡಸು ಡಾಕ್ಟರ ಹತ್ತಿರ ಕೇಳೋಕೆ ಮುಜುಗರವಾದರೆ ನರ್ಸ್ ಹತ್ತಿರ ಕೇಳಿ. ವಯಸ್ಸಾಯಿತು, ನನಗ್ಯಾಕೆ ಅನ್ನುವವರಿಗೂ ಇದು ಬೇಕು, ಮುಂದಿನ ತಪಾಸಣೆಗಾದರೂ.

ತಪಾಸಣೆ ಮೊದಲ ಎರಡು ವರ್ಷ ಹೆಚ್ಚುಕಡಿಮೆ ಮೂರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಇರುತ್ತೆ. ಡಿಸ್ಚಾರ್ಜ್ ಚೀಟಿಯಲ್ಲಿ ಹೊರಗಿನ ಕರೆಂಟ್ ಎಷ್ಟು ಗ್ರೇ, ಒಳಗಿನದು ಎಷ್ಟು ಸಲ, ಒಂದೊಂದಕ್ಕೂ ಎಷ್ಟು ಗ್ರೇ, ಯಾವ ತಾರೀಖು ಅನ್ನುವುದು ಬರೆದಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಬರೆಸಿಕೊಳ್ಳಿ. ಅದರ ಫೋಟೋ ಮಕ್ಕಳ ಫೋನಿನಲ್ಲೂ ಇರಲಿ. ಇದು ಮುಖ್ಯವಾಗುವುದು ತಿಂಗಳುಗಳು ಕಳೆದ ಮೇಲೆ, ಕೆಲವೊಮ್ಮೆ ವರ್ಷ ಕಳೆದ ಮೇಲೆ ಮಲದಲ್ಲಿ ರಕ್ತ ಕಂಡರೆ. ಊರಿನ ಡಾಕ್ಟರು ಪೈಲ್ಸ್ ಅಂತ ಚಿಕಿತ್ಸೆ ಶುರು ಮಾಡಬಹುದು, ಅಥವಾ ಕೊಲೊನೋಸ್ಕೋಪಿ ಮಾಡಿ ತುಂಡು ತೆಗೆಯೋಣ ಅನ್ನಬಹುದು. ವಿಕಿರಣ ಬಿದ್ದ ಗುದನಾಳದ ಮುಂಗೋಡೆಯಿಂದ ತುಂಡು ತೆಗೆದರೆ ಆ ಗಾಯ ಮಾಗದೆ ಯೋನಿಗೂ ಗುದನಾಳಕ್ಕೂ ನಡುವೆ ತೂತು ಬೀಳುವ ಅಪಾಯ ಇದೆ. ಯಾರು ಕೈ ಹಾಕುವ ಮೊದಲೂ ಆ ಚೀಟಿ ತೋರಿಸಿ, ಕರೆಂಟ್ ಕೊಟ್ಟ ಡಾಕ್ಟರಿಗೆ ಒಂದು ಫೋನ್ ಮಾಡಿಸಿ.